ಭಾರ ಯಾರ ಹೆಗಲಿಗೆ? ಕನ್ನಡ ಟೈಪಿಂಗ್ ತಂತ್ರಾಂಶಗಳು ನಡೆದು ಬಂದ ದಾರಿ

ಗಣಕದ ತೆರೆಯ ಮೇಲೆ ‘ಸ್ತ್ರೀ’ ಎಂದು ಮೂಡಿಸಲು ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಆರು ಕೀಲಿ ಒತ್ತಬೇಕು. ಕೆ.ಪಿ. ರಾವ್ ಅವರ ವಿನ್ಯಾಸದಲ್ಲೂ ಆರೇ. ಮೊದಲು ಸ, ಆಮೇಲೆ ಒತ್ತು ತರಿಸುವ ಕೀಲಿ, ನಂತರ ತ, ಮತ್ತೆ ಅದೇ ಒತ್ತಿನ ಕೀಲಿ, ಆಮೇಲೆ ರ, ಕೊನೆಗೆ ದೀರ್ಘ ಈಕಾರ. ಎರಡರಲ್ಲೂ ಕ್ರಮ ಇದೇ. ಇನ್‌ಸ್ಕ್ರಿಪ್ಟಿನಲ್ಲಿ ಈ ಅಕ್ಷರಕ್ಕೆ ಶಿಫ್ಟ್ ಕೀಲಿಯೂ ಬೇಕಿಲ್ಲ. ರಾವ್ ವಿನ್ಯಾಸದಲ್ಲಿ ಕೊನೆಯ ಈಕಾರಕ್ಕೆ ಬೇಕು. ಲೆಕ್ಕ ಹಾಕಿದರೆ ಇನ್‌ಸ್ಕ್ರಿಪ್ಟೇ ಒಂದು ಕೈ ಮೇಲು. ಅದಕ್ಕೆ ಕೇಂದ್ರ ಸರ್ಕಾರದ ಮಾನ್ಯತೆಯಿತ್ತು, ವಿಂಡೋಸಿನೊಳಗೇ ಜಾಗವಿತ್ತು. ಆದರೂ ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ, ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಬೆರಳುಗಳು ಒಗ್ಗಿಕೊಂಡದ್ದು ರಾವ್ ವಿನ್ಯಾಸಕ್ಕೆ. ಅಂದ ಮೇಲೆ ಜನ ಒಂದು ತಂತ್ರಾಂಶವನ್ನು ಸರಳ ಎಂದು ಒಪ್ಪಿಕೊಳ್ಳುವಾಗ ಎಣಿಸುತ್ತಿರುವುದು ಕೀಲಿಗಳನ್ನಂತೂ ಅಲ್ಲ. ಹಾಗಾದರೆ ಏನನ್ನು?

ಲ್ಯಾರಿ ಟೆಸ್ಲರ್ ಎಂಬ ಅಮೆರಿಕದ ಗಣಕ ವಿಜ್ಞಾನಿ ಈ ಪ್ರಶ್ನೆಗೆ ಕೊಟ್ಟ ಉತ್ತರ ನನಗೆ ಇಂದಿಗೂ ಸರಿಯೆನಿಸುತ್ತದೆ. 1970ರ ದಶಕದಲ್ಲಿ ಅವರು ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿದ್ದರು. ಅಲ್ಲಿನ ‘ಬ್ರಾವೊ’ ಎಂಬ ಬರವಣಿಗೆಯ ತಂತ್ರಾಂಶದಲ್ಲಿ ಆಜ್ಞೆ ಕೊಡುವ ಸ್ಥಿತಿ ಬೇರೆ, ಬರೆಯುವ ಸ್ಥಿತಿ ಬೇರೆ. ಆಜ್ಞೆಯ ಸ್ಥಿತಿಯಲ್ಲಿರುವುದನ್ನು ಮರೆತು ‘ಎಡಿಟ್’ ಎಂದು ಟೈಪ್ ಮಾಡಿದರೆ, ‘ಇ’ ಒತ್ತಿದಾಗ ಇಡೀ ಕಡತ ಆಯ್ಕೆಯಾಗಿ, ‘ಡಿ’ ಒತ್ತಿದಾಗ ಅಷ್ಟೂ ಅಳಿಸಿಹೋಗಿ, ‘ಐ’ ಒತ್ತಿದಾಗ ಬರೆಯುವ ಸ್ಥಿತಿಗೆ ಬಂದು, ಕೊನೆಗೆ ‘ಟಿ’ ಎಂಬ ಒಂದಕ್ಷರ ಮಾತ್ರ ಉಳಿಯುತ್ತಿತ್ತು. ಟೆಸ್ಲರ್ ತಮ್ಮ ಸಹೋದ್ಯೋಗಿ ಟಿಮ್ ಮಾಟ್ ಜೊತೆಗೂಡಿ, ಪಠ್ಯಪುಸ್ತಕ ಪ್ರಕಾಶನವೊಂದರ ಸಂಪಾದಕರು ಕಾಗದದ ಮೇಲೆ ಹೇಗೆ ಕೆಲಸ ಮಾಡುತ್ತಾರೆ ಎಂಬುದರ ಆಧಾರದ ಮೇಲೆ ‘ಜಿಪ್ಸಿ’ ಎಂಬ ತಂತ್ರಾಂಶ ಕಟ್ಟಿದರು. ನಾವು ಇಂದು ಯೋಚಿಸದೆಯೇ ಮಾಡುವ ಕಟ್, ಕಾಪಿ, ಪೇಸ್ಟ್ ರೂಪುಗೊಂಡದ್ದು ಅಲ್ಲಿ. ಮುಂದೆ ಆಪಲ್‌ನಲ್ಲಿದ್ದಾಗ ಅವರು ಹೇಳಿದ್ದಿಷ್ಟು: ಯಾವುದೇ ತಂತ್ರಾಂಶದಲ್ಲಿ ಒಂದಿಷ್ಟು ಜಟಿಲತೆ ಇದ್ದೇ ಇರುತ್ತದೆ, ಅದನ್ನು ಇಲ್ಲವಾಗಿಸಲು ಬರುವುದಿಲ್ಲ. ಅದನ್ನು ಕಟ್ಟುವವರು ಒಮ್ಮೆ ಹೊರುತ್ತಾರೋ, ಬಳಸುವವರೆಲ್ಲ ದಿನವೂ ಹೊರಬೇಕೋ ಎಂಬುದೇ ಪ್ರಶ್ನೆ.

ಕನ್ನಡ ಟೈಪಿಂಗಿನ ಚರಿತ್ರೆಯಲ್ಲಿ ಈ ಭಾರ ಹೆಗಲು ಬದಲಿಸುತ್ತ ಬಂದದ್ದು ಸ್ಪಷ್ಟವಾಗಿ ಕಾಣುತ್ತದೆ. ಬೆರಳಚ್ಚು ಯಂತ್ರದ ಕಾಲದಲ್ಲಿ ಅಷ್ಟೂ ಭಾರ ಬೆರಳಚ್ಚುಗಾರರ ಮೇಲಿತ್ತು. ಯಂತ್ರದಲ್ಲಿದ್ದವು ಅಕ್ಷರದ ತುಂಡುಗಳು: ತಲೆಕಟ್ಟಿಲ್ಲದ ಮೈ, ತಲೆಕಟ್ಟು, ಗುಡಿಸು, ಕೊಂಬು, ಒತ್ತು. ಅವನ್ನು ಜೋಡಿಸಿ ಅಕ್ಷರ ಕಟ್ಟುವ ಜಾಣ್ಮೆ ಕೈಗೆ ಬರಲು ತಿಂಗಳುಗಟ್ಟಲೆ ತರಬೇತಿ ಬೇಕಿತ್ತು. ಅದಕ್ಕೆಂದೇ ಊರೂರಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟುಗಳಿದ್ದವು, ಜೂನಿಯರ್, ಸೀನಿಯರ್ ಪರೀಕ್ಷೆಗಳಿದ್ದವು.

1980ರ ದಶಕದಲ್ಲಿ ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನ ಮೊದಲ ದೊಡ್ಡ ಬದಲಾವಣೆ ತಂದಿತು. ಅಕ್ಷರ ಹೇಗೆ ಕಾಣಬೇಕೆಂಬುದನ್ನು ಯಂತ್ರ ನೋಡಿಕೊಳ್ಳಲಿ, ಮನುಷ್ಯ ಉಚ್ಚಾರದ ಕ್ರಮದಲ್ಲಿ ಒತ್ತುತ್ತ ಹೋದರೆ ಸಾಕು ಎಂಬುದು ಅದರ ತಳಹದಿ. ಇನ್‌ಸ್ಕ್ರಿಪ್ಟ್ ಕೀಲಿಮಣೆ ಅದೇ ಕಾಲದ್ದು. ಎಡಗೈಗೆ ಸ್ವರ, ಬಲಗೈಗೆ ವ್ಯಂಜನ. ಅಲ್ಪಪ್ರಾಣದ ಕೀಲಿಯಲ್ಲೇ ಶಿಫ್ಟ್ ಹಿಡಿದರೆ ಮಹಾಪ್ರಾಣ. ಹಿಂದಿಗೆ ಕಲಿತ ಬೆರಳು ಕನ್ನಡಕ್ಕೂ ತೆಲುಗಿಗೂ ನಡೆಯುತ್ತದೆ. ವ್ಯಾಕರಣ ಬಲ್ಲವರು ಮೆಚ್ಚುವಂಥ ಅಚ್ಚುಕಟ್ಟು. ಆದರೆ ಆ ಅಚ್ಚುಕಟ್ಟು ಕಾಣುವುದು ನಕ್ಷೆಯನ್ನು ಹರಡಿಕೊಂಡು ನೋಡುವವರಿಗೆ. ಕೀಲಿಮಣೆಯ ಮುಂದೆ ಕೂತವರ ಕಣ್ಣಿಗೆ ಬೀಳುವುದು ಇಂಗ್ಲಿಷ್ ಅಕ್ಷರ. ‘ಎಲ್’ ಎಂದು ಅಚ್ಚಾದ ಕೀಲಿ ಒತ್ತಿದರೆ ತ, ‘ಎಮ್’ ಒತ್ತಿದರೆ ಸ ಬರುತ್ತದೆ. ಒಂದು ಭಾಷೆಯಲ್ಲಷ್ಟೇ ಬರೆಯುವ ಕನ್ನಡಿಗರಿಗೆ ಬೇರೆ ಭಾಷೆಗಳ ಜೊತೆಗಿನ ಸಾಮ್ಯದಿಂದ ಆಗುವ ಲಾಭ ಕಡಿಮೆ. ಹೀಗೆ ವಿನ್ಯಾಸಕಾರರಿಗೆ ಸರಳವಾದದ್ದು ಬಳಕೆದಾರರಿಗೆ ಹೊಸ ಪಾಠವಾಯಿತು.

ಕೆ.ಪಿ. ರಾವ್, ಅಂದರೆ ಕಿನ್ನಿಕಂಬಳ ಪದ್ಮನಾಭ ರಾವ್, ಹಿಡಿದ ದಾರಿ ಬೇರೆ. ಮುದ್ರಣ ತಂತ್ರಜ್ಞಾನದಲ್ಲಿ ಪಳಗಿದ ಕೈ ಅವರದು; ಮೋನೋಟೈಪ್ ಸಂಸ್ಥೆಯಲ್ಲಿ ಕೆಲಸ ಮಾಡಿದ್ದರು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟರು. ಅವರ ವಿನ್ಯಾಸದಲ್ಲಿ ‘ಕೆ’ ಒತ್ತಿದರೆ ಕ, ಶಿಫ್ಟ್ ಜೊತೆಗೆ ಖ. ‘ಜಿ’ ಒತ್ತಿದರೆ ಗ, ಶಿಫ್ಟ್ ಜೊತೆಗೆ ಘ. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳೊಳಗೇ ಇಡೀ ವರ್ಣಮಾಲೆ ಮುಗಿಯುತ್ತದೆ. ಇದಕ್ಕಿಂತ ಸೂಕ್ಷ್ಮವಾದದ್ದು ಸ್ವರಗಳ ವ್ಯವಸ್ಥೆ. ಇನ್‌ಸ್ಕ್ರಿಪ್ಟಿನಲ್ಲಿ ‘ಇ’ ಅಕ್ಷರಕ್ಕೂ ಗುಡಿಸಿಗೂ ವ್ಯತ್ಯಾಸವಿದೆ. ಒಂದಕ್ಕೆ ಶಿಫ್ಟ್ ಬೇಕು, ಇನ್ನೊಂದಕ್ಕೆ ಬೇಡ, ಯಾವುದು ಬೇಕೆಂದು ಟೈಪ್ ಮಾಡುವವರೇ ನೆನಪಿಡಬೇಕು. ರಾವ್ ವಿನ್ಯಾಸದಲ್ಲಿ ಎರಡಕ್ಕೂ ಒಂದೇ ಕೀಲಿ. ಅದರ ಹಿಂದೆ ವ್ಯಂಜನವಿದ್ದರೆ ಗುಡಿಸು ಹತ್ತುತ್ತದೆ, ಇಲ್ಲದಿದ್ದರೆ ‘ಇ’ ಬರುತ್ತದೆ. ಹಿಂದೆ ಏನಿದೆ ಎಂಬುದು ಯಂತ್ರಕ್ಕೆ ಗೊತ್ತಿರುವಾಗ ಮನುಷ್ಯನನ್ನು ಯಾಕೆ ಕೇಳಬೇಕು? ಟೆಸ್ಲರ್ ಹೇಳಿದ ಭಾರ ಇಲ್ಲಿ ಕಣ್ಣೆದುರೇ ಹೆಗಲು ಬದಲಿಸಿತು. ಕಷ್ಟ ಪೂರ್ತಿ ಹೋಗಲಿಲ್ಲ, ನಿಜ. ಟ ಮತ್ತು ಡ ‘ಕ್ಯೂ’, ‘ಡಬ್ಲ್ಯು’ ಕೀಲಿಗಳಲ್ಲಿವೆ, ಅನುಸ್ವಾರ ದೊಡ್ಡ ‘ಎಮ್’ನಲ್ಲಿದೆ. ಆದರೆ ಹೀಗೆ ಬಾಯಿಪಾಠ ಮಾಡಬೇಕಾದವು ಕೆಲವೇ. ರಾವ್ ಇದಕ್ಕೆ ಹಕ್ಕುಸ್ವಾಮ್ಯದ ಬೇಲಿ ಹಾಕದೆ ಎಲ್ಲರಿಗೂ ಬಿಟ್ಟುಕೊಟ್ಟರು. ಕರ್ನಾಟಕ ಸರ್ಕಾರ ಅದನ್ನೇ ಅಧಿಕೃತ ವಿನ್ಯಾಸವೆಂದು ಒಪ್ಪಿಕೊಂಡಿತು, ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶ 2000ದ ದಶಕದ ಆರಂಭದಲ್ಲಿ ಅದನ್ನು ಕಚೇರಿ ಕಚೇರಿಗೆ ಮುಟ್ಟಿಸಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ರಾವ್ ಅವರಿಗೆ ನಾಡೋಜ ಗೌರವ ನೀಡಿದೆ. ಅವರ ಕೆಲಸಕ್ಕೆ ಅದು ಕಡಿಮೆಯೇ ಎಂದು ನಾನು ಭಾವಿಸುತ್ತೇನೆ.

ಅಷ್ಟರಲ್ಲಿ, 1998ರಲ್ಲಿ, ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ ‘ಬರಹ’ವನ್ನು ಬಿಡುಗಡೆ ಮಾಡಿದ್ದರು. ಆಗ ಅದು ಉಚಿತವಾಗಿತ್ತು, ಗಾತ್ರದಲ್ಲಿ ಚಿಕ್ಕದಾಗಿತ್ತು, ಇಳಿಸಿಕೊಂಡ ಕೂಡಲೇ ಬರೆಯಬಹುದಿತ್ತು. ಇದರದು ಲಿಪ್ಯಂತರಣದ ದಾರಿ: ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತ ಹೋದರೆ ಕನ್ನಡ ಮೂಡುತ್ತದೆ, ಒತ್ತಿಗೆಂದು ಬೇರೆ ಕೀಲಿಯ ಅಗತ್ಯವಿಲ್ಲ. ‘ಕನ್ನಡ’ ಎಂಬ ಪದಕ್ಕೆ ರಾವ್ ವಿನ್ಯಾಸದಲ್ಲಿ ಐದು ಕೀಲಿ ಸಾಕು; ಬರಹದಲ್ಲಿ ಏಳು ಬೇಕು, ಅದರಲ್ಲಿ ‘ಡಿ’ ದೊಡ್ಡಕ್ಷರವಾಗಿರಬೇಕು. ದಿನವಿಡೀ ಟೈಪ್ ಮಾಡುವ ಗುಮಾಸ್ತರಿಗೆ ಆ ಎರಡು ಕೀಲಿ ಸಂಜೆಯ ಹೊತ್ತಿಗೆ ಬೆರಳುನೋವು. ಆದರೆ ನ್ಯೂಜೆರ್ಸಿಯಲ್ಲೋ ದುಬೈಯಲ್ಲೋ ಕೂತು ವಾರಕ್ಕೊಂದು ಕಾಗದ ಬರೆಯುವವರಿಗೆ ಅದು ಲೆಕ್ಕಕ್ಕೇ ಇಲ್ಲ; ಮೊದಲ ದಿನವೇ ಬರೆಯಲಾಗುವುದು ಅವರಿಗೆ ಮುಖ್ಯ. ಮೊದಲ ದಿನದ ಸರಳತೆ ಬೇರೆ, ನೂರನೆಯ ದಿನದ ಸರಳತೆ ಬೇರೆ. ನುಡಿ, ಬರಹಗಳಲ್ಲಿ ಯಾವುದು ಮೇಲು ಎಂಬ ಆ ಕಾಲದ ಬಿಸಿ ಬಿಸಿ ಚರ್ಚೆಯಲ್ಲಿ ಈ ಭೇದವನ್ನು ಗಮನಿಸಿದವರು ಕಡಿಮೆ.

ಎರಡೂ ತಂತ್ರಾಂಶಗಳು ಜನರ ಮನ ಗೆದ್ದವು. ಜೊತೆಗೆ ಎರಡೂ ಒಂದು ಸಾಲ ಬಿಟ್ಟುಹೋದವು. ಅದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು.

ಅಂದಿನ ಫಾಂಟುಗಳಲ್ಲಿ 256 ಜಾಗಗಳಷ್ಟೇ ಇದ್ದವು. ಯುರೋಪಿನ ಅಕ್ಷರಗಳು ಕೂರಬೇಕಾದ ಆ ಜಾಗಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಲಾಯಿತು. ತೆರೆಯ ಮೇಲೆ ‘ಕ’ ಕಾಣುತ್ತಿದ್ದರೂ ಕಡತದೊಳಗೆ ಇರುವುದು ತಲೆಕಟ್ಟಿಲ್ಲದ ಮೈಗೆ ಒಂದು ಸಂಖ್ಯೆ, ತಲೆಕಟ್ಟಿಗೆ ಇನ್ನೊಂದು ಸಂಖ್ಯೆ. ಅಂದರೆ ಬೆರಳಚ್ಚು ಯಂತ್ರವೇ ಗಣಕದೊಳಗೆ ಅಡಗಿ ಕೂತಿತ್ತು. ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಇಡೀ ಕಡತ ತಲೆಬುಡವಿಲ್ಲದ ಚಿಹ್ನೆಗಳ ಸಾಲು. ಅಕಾರಾದಿಯಾಗಿ ಜೋಡಿಸಲು ಹೋದರೆ ಕ್ರಮ ತಪ್ಪುತ್ತದೆ, ಅಂತರಜಾಲದಲ್ಲಿ ಹುಡುಕಿದರೆ ಸಿಗುವುದಿಲ್ಲ. ಶ್ರೀಲಿಪಿ, ಆಕೃತಿ, ಪ್ರಕಾಶಕ್‌ನಂಥ ವೃತ್ತಿಪರ ತಂತ್ರಾಂಶಗಳಲ್ಲಿ ಪ್ರತಿಯೊಂದಕ್ಕೂ ಅದರದೇ ಸಂಕೇತ ವ್ಯವಸ್ಥೆ. ಬಳಸುವವರ ಕಣ್ಣಿಗೆ ಕಾಣುವ ಸರಳತೆಗಾಗಿ ಕಾಣದ ಕಡೆಯಲ್ಲಿ ಜಟಿಲತೆಯನ್ನು ಮುಂದೂಡಲಾಗಿತ್ತು. ಅಂದಿನ ಗಣಕಗಳ ಮಿತಿಯಲ್ಲಿ ಬೇರೆ ದಾರಿ ಸುಲಭವಿರಲಿಲ್ಲ ಎಂಬುದನ್ನೂ ಮರೆಯಬಾರದು.

ದಾರಿ ತೆರೆದದ್ದು ಯುನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಒಂದು ವಿಭಾಗ ಮೀಸಲಾಗಿತ್ತು. ಆದರೆ ಮನೆ ಮನೆಯ ಗಣಕದಲ್ಲಿ ಅದು ಕಾಣಿಸಿಕೊಂಡದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ, ‘ತುಂಗಾ’ ಫಾಂಟಿನ ಜೊತೆಗೆ. ಯುನಿಕೋಡಿನಲ್ಲಿ ‘ಸ್ತ್ರೀ’ ಆರು ಸಂಕೇತಗಳ ಸಾಲಾಗಿ ಉಳಿಯುತ್ತದೆ: ಸ, ವಿರಾಮ (ಒತ್ತು ತರಿಸುವ ಸಂಕೇತ), ತ, ವಿರಾಮ, ರ, ಈಕಾರ. ರಾವ್ ವಿನ್ಯಾಸದಲ್ಲಿ ಬೆರಳು ಒತ್ತಿದ ಕ್ರಮವೇ ಇದು. ಅದನ್ನು ಒತ್ತಕ್ಷರವಾಗಿ ಹೆಣೆಯುವ ಕೆಲಸ ಫಾಂಟು ಮತ್ತು ಕಾರ್ಯಾಚರಣ ವ್ಯವಸ್ಥೆಯದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ನಿಂತಿರುವುದು ಈ ಅಡಿಪಾಯದ ಮೇಲೆ. ಮುಂದೆ ವಿಕಿಪೀಡಿಯದ ಪುಟದೊಳಗೇ ಲಿಪ್ಯಂತರಣ, ಇನ್‌ಸ್ಕ್ರಿಪ್ಟ್, ‘ಕಗಪ’ (ರಾವ್ ವಿನ್ಯಾಸಕ್ಕೆ ಇನ್ನೊಂದು ಹೆಸರು) ಎಂಬ ಆಯ್ಕೆಗಳು ಬಂದವು. ಏನನ್ನೂ ಹಾಕಿಕೊಳ್ಳದೆ ಕಂಟ್ರೋಲ್ ಜೊತೆಗೆ ‘ಎಮ್’ ಒತ್ತಿ ಬರೆಯಲು ತೊಡಗಬಹುದು.

ಮುದ್ರಣಲೋಕ ಮಾತ್ರ ಬೇಗ ಕದಲಲಿಲ್ಲ. ಪುಟ ಕಟ್ಟುವವರ ಕೈಗೆ ಒಗ್ಗಿದ್ದ ಪೇಜ್‌ಮೇಕರ್ 2001ರ ಏಳನೆಯ ಆವೃತ್ತಿಗೇ ನಿಂತುಹೋಯಿತು, ಅದಕ್ಕೆ ಯುನಿಕೋಡ್ ಕನ್ನಡ ಬರುತ್ತಿರಲಿಲ್ಲ. ಹಳೆಯ ಫಾಂಟಿನ ಕಡತಗಳು ಬೆಳೆಯುತ್ತಲೇ ಹೋದವು. ನುಡಿಯಿಂದ ಯುನಿಕೋಡಿಗೆ ಪರಿವರ್ತಿಸುವ ಸಾಧನಗಳು ಸ್ವಯಂಸೇವಕರ ಶ್ರಮದಿಂದ ಬಂದವು, ಇವತ್ತಿಗೂ ಪತ್ರಿಕಾ ಕಚೇರಿಗಳಲ್ಲಿ ಅವಕ್ಕೆ ಕೆಲಸವಿದೆ.

2006ರಲ್ಲಿ ಬೆಂಗಳೂರಿನ ರಾಮ್ ಪ್ರಕಾಶ್ ಹನುಮಂತಪ್ಪ ಅವರ ತಂಡ ತಂದ ‘ಕ್ವಿಲ್‌ಪ್ಯಾಡ್’ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಬರಹದಲ್ಲಿ ‘ಹಳ್ಳಿ’ ಬೇಕಿದ್ದರೆ ದೊಡ್ಡ ‘ಎಲ್’, ‘ಹಲ್ಲಿ’ ಬೇಕಿದ್ದರೆ ಸಣ್ಣ ‘ಎಲ್’ ಎಂಬ ನಿಯಮ ಗೊತ್ತಿರಬೇಕು. ಕ್ವಿಲ್‌ಪ್ಯಾಡ್ ಆ ನಿಯಮವನ್ನೇ ಕೇಳಲಿಲ್ಲ. ಜನ ಎಸ್ಎಂಎಸ್‌ನಲ್ಲಿ ಹೇಗೆ ಬರೆಯುತ್ತಾರೋ ಹಾಗೆ ಬರೆದರೆ, ಭಾಷೆಯಲ್ಲಿ ಯಾವ ಅಕ್ಷರದ ಪಕ್ಕ ಯಾವುದು ಬರುವ ಸಂಭವ ಹೆಚ್ಚು ಎಂಬುದನ್ನು ಮೊದಲೇ ಕಲಿತ ತಂತ್ರಾಂಶ ತಾನೇ ಊಹಿಸಿ ಪದ ಕೊಡುತ್ತಿತ್ತು. ತಪ್ಪಿದ್ದರೆ ಪಟ್ಟಿಯಿಂದ ಸರಿಯಾದದ್ದನ್ನು ಆರಿಸಬಹುದಿತ್ತು. ಗೂಗಲ್‌ನ ಲಿಪ್ಯಂತರಣವೂ ಇದೇ ಹಾದಿಯದು. ಇಲ್ಲಿ ಭಾರ ಬಹುಪಾಲು ಯಂತ್ರಕ್ಕೆ ಹೋಯಿತು. ನನಗೆ ಒಂದು ಆತಂಕವಿದೆ: ಯಂತ್ರದ ಊಹೆ ಬಹಳಷ್ಟು ಸಲ ಸರಿಯಿರುವುದರಿಂದಲೇ ತಪ್ಪಿದಾಗ ಕಣ್ಣು ಹಿಡಿಯುವುದಿಲ್ಲ. ಲ-ಳ, ನ-ಣ, ಅಲ್ಪಪ್ರಾಣ-ಮಹಾಪ್ರಾಣಗಳ ಅದಲುಬದಲು ಇಂದಿನ ಬರವಣಿಗೆಯಲ್ಲಿ ಸಾಮಾನ್ಯವಾಗಿರುವುದಕ್ಕೆ ಇದೂ ಒಂದು ಕಾರಣ.

ಮೊಬೈಲಿನಲ್ಲಿ ಕನ್ನಡ ಬಹುಕಾಲ ಚೌಕದ ಡಬ್ಬಿಗಳಾಗಿಯೇ ಕಾಣುತ್ತಿತ್ತು. ಆಂಡ್ರಾಯ್ಡ್ 4.1, ಅಂದರೆ 2012ರ ಆವೃತ್ತಿ, ಕನ್ನಡವನ್ನು ಸೇರಿಸಿಕೊಂಡ ಮೇಲೆ ಚಿತ್ರ ಬದಲಾಯಿತು. ಐಐಟಿ ಬಾಂಬೆಯಲ್ಲಿ ಅನಿರುದ್ಧ ಜೋಶಿ ಅವರ ತಂಡ ರೂಪಿಸಿದ ‘ಸ್ವರಚಕ್ರ’ ನಾನು ಕಂಡ ಅತಿ ಸುಂದರ ವಿನ್ಯಾಸಗಳಲ್ಲಿ ಒಂದು. ‘ಕ’ದ ಮೇಲೆ ಬೆರಳಿಟ್ಟರೆ ಸುತ್ತಲೂ ಕಾ, ಕಿ, ಕೀ, ಕು ಎಂದು ಕಾಗುಣಿತ ಚಕ್ರವಾಗಿ ಅರಳುತ್ತದೆ, ಬೇಕಾದ ಕಡೆಗೆ ಬೆರಳು ಜಾರಿಸಿದರಾಯಿತು. ಇಂಗ್ಲಿಷ್ ಅಕ್ಷರದ ಹಂಗಿಲ್ಲ, ಒಂದನೆಯ ತರಗತಿಯಲ್ಲಿ ಕಲಿತದ್ದೇ ಸಾಕು. ಇಷ್ಟಿದ್ದೂ ಬಳಕೆಯಲ್ಲಿ ಮುಂದೆ ನಿಂತದ್ದು ಗೂಗಲ್ಲಿನ ಕೀಲಿಮಣೆ ಜಿಬೋರ್ಡ್. ಎಷ್ಟೋ ಫೋನುಗಳಲ್ಲಿ ಅದು ಕೊಳ್ಳುವಾಗಲೇ ಇರುತ್ತದೆ. ಹುಡುಕಿ, ಇಳಿಸಿಕೊಂಡು, ಸೆಟ್ಟಿಂಗ್ಸ್‌ನಲ್ಲಿ ಅನುಮತಿ ಕೊಡುವ ಕೆಲಸವೂ ಬಳಸುವವರ ಪಾಲಿನ ಭಾರವೇ. ಒಳಗಿನ ವಿನ್ಯಾಸ ಎಷ್ಟೇ ಚೆನ್ನಾಗಿದ್ದರೂ ಬಾಗಿಲಲ್ಲೇ ಜನ ಹಿಂದಿರುಗಿಬಿಡುತ್ತಾರೆ.

2017ರ ಆಗಸ್ಟಿನಲ್ಲಿ ಗೂಗಲ್ ಧ್ವನಿ ಟೈಪಿಂಗಿಗೆ ಕನ್ನಡ ಸೇರಿತು. ಕೀಲಿಮಣೆಯ ಮುಖವನ್ನೇ ನೋಡದವರೂ ವಾಟ್ಸಾಪಿನಲ್ಲಿ ಕನ್ನಡ ಬರೆಯತೊಡಗಿದರು. ಆದರೆ ಅದಕ್ಕೆ ಹೊಂದುವುದು ಪುಸ್ತಕದ ಕನ್ನಡ. ಧಾರವಾಡದ, ಕುಂದಾಪುರದ, ಕಲಬುರಗಿಯ ಮಾತು ಆಡಿದರೆ ತಡವರಿಸುತ್ತದೆ, ಆಗ ತಮ್ಮ ಮಾತನ್ನು ತಿದ್ದಿಕೊಳ್ಳುವ ಕೆಲಸ ಮತ್ತೆ ಬಳಸುವವರ ಮೇಲೆಯೇ ಬೀಳುತ್ತದೆ.

ಗಣಕಗಳ ವಿಷಯಕ್ಕೆ ಬಂದರೆ, 2019ರ ಮೇ ತಿಂಗಳ ವಿಂಡೋಸ್ 10 ಪರಿಷ್ಕರಣೆಯಲ್ಲಿ ಕನ್ನಡವೂ ಸೇರಿ ಹತ್ತು ಭಾರತೀಯ ಭಾಷೆಗಳಿಗೆ ಫೊನೆಟಿಕ್ ಕೀಲಿಮಣೆ ಬಂತು. ಲಿನಕ್ಸಿನಲ್ಲಿ ರಾವ್ ವಿನ್ಯಾಸವೇ ‘ಕಗಪ’ ಎಂಬ ಹೆಸರಿನಲ್ಲಿ ಸೇರಿಕೊಂಡಿದೆ. ವಿಂಡೋಸಿನಲ್ಲಿ ಅದು ಬೇಕೆಂದರೆ ನುಡಿಯಂಥ ತಂತ್ರಾಂಶವನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ರಾಜ್ಯ ಸರ್ಕಾರ ತನ್ನ ಕಚೇರಿಗಳಿಗೂ ಶಾಲೆಗಳಿಗೂ ಗಣಕ ಖರೀದಿಸುವಾಗ, ಆ ವಿನ್ಯಾಸ ಮೊದಲೇ ಒಳಗಿರಬೇಕು, ಉಳಿಯುವ ಕಡತ ಯುನಿಕೋಡಿನಲ್ಲೇ ಇರಬೇಕು ಎಂಬ ಎರಡು ಷರತ್ತುಗಳನ್ನು ಟೆಂಡರಿನಲ್ಲೇ ಬರೆಯಬಹುದು. ಹಾಗಾದರೆ ಇಪ್ಪತ್ತು ವರ್ಷ ನುಡಿಯಲ್ಲಿ ಟೈಪ್ ಮಾಡಿದ ಗುಮಾಸ್ತರು ಬೆರಳ ಅಭ್ಯಾಸವನ್ನು ಕಿಂಚಿತ್ತೂ ಬದಲಿಸಬೇಕಾಗಿಲ್ಲ, ಅವರು ಟೈಪ್ ಮಾಡಿದ ಆದೇಶ ಹತ್ತು ವರ್ಷ ಕಳೆದರೂ ಹುಡುಕಿದರೆ ಸಿಗುತ್ತದೆ.