ಏನು ಉಳೀತದೆ ಅಂತ ಉಳಿಯೋದು?

‘ಎಷ್ಟು ಜನರನ್ನ ತಂದು ಸೇರಿಸಿದ್ರೂ ಹುಡುಗರು ಉಳಿಯಲ್ಲಣ್ಣ’ ಎಂದು ಮಾಲೂರಿನ ಟೀ ಅಂಗಡಿಯಲ್ಲಿ ಕಾರ್ಖಾನೆಗಳಿಗೆ ಜನ ಒದಗಿಸುವ ಗುತ್ತಿಗೆದಾರನೊಬ್ಬ ಗೊಣಗುತ್ತಿದ್ದ. ಕೊರಳಲ್ಲಿ ಐಡಿ ಕಾರ್ಡ್ ತೂಗುಹಾಕಿಕೊಂಡಿದ್ದ ಹುಡುಗನೊಬ್ಬ ಪಕ್ಕದಿಂದ ಕೇಳಿದ: ‘ಏನು ಉಳೀತದೆ ಅಂತ ಉಳಿಯೋದಣ್ಣ?’

ಪದ ಒಂದೇ, ಲೆಕ್ಕ ಎರಡು. ಗುತ್ತಿಗೆದಾರನ ಕಣ್ಣು ಹಾಜರಿಯ ಮೇಲೆ, ಹುಡುಗನ ಕಣ್ಣು ತಿಂಗಳ ಕೊನೆಯ ಜೇಬಿನ ಮೇಲೆ. ಪಿಎಫ್, ಇಎಸ್‌ಐ, ರೂಮಿನ ಬಾಡಿಗೆ, ಮೆಸ್ಸಿನ ಬಿಲ್ಲು ಕಳೆದು ಮಿಕ್ಕಿದ್ದಕ್ಕೇ ಅಲ್ಲವೇ ಉಳಿತಾಯ ಎನ್ನುವುದು? ಈಚೆಗೆ ಇದೆಲ್ಲದರ ಮೇಲೆ ‘ಅಟ್ರಿಷನ್’ ಎಂಬ ಮಾತು ಬಂದು ಕೂತಿದೆ. ‘ಈ ತಿಂಗಳು ಅಟ್ರಿಷನ್ ಜಾಸ್ತಿ ಸಾರ್’ ಎಂದರೆ ಯಾರು ಹೋದರು, ಯಾಕೆ ಹೋದರು ಎಂಬುದೇ ಮಾಯ. ‘ಮ್ಯಾನ್‌ಪವರ್ ಸಪ್ಲೈ’ ಬೋರ್ಡುಗಳಲ್ಲಂತೂ ಮನುಷ್ಯರ ಸುಳಿವೇ ಇಲ್ಲ.

ಮಾಲೂರು ತಾಲ್ಲೂಕಿನದೇ ಆದ ಶಿವಾರಪಟ್ಟಣ ಕಲ್ಲಿನ ವಿಗ್ರಹಗಳಿಗೆ ಹೆಸರಾದ ಊರು. ಅಲ್ಲಿ ಉಳಿ ಎಂದರೆ ಮೊದಲು ನೆನಪಾಗುವುದು ಕಲ್ಲು ಕಡೆಯುವ ಉಳಿ. ಎರಡೂ ಉಳಿಗಳ ಬೇರು ಒಂದೇ ಎಂಬುದು ಈ ಅಂಕಣಕಾರನ ಬಹುಕಾಲದ ಹಟ. ಬೇಡದ್ದನ್ನು ತೆಗೆದು ಬೇಕಾದ್ದನ್ನು ಉಳಿಸುವ ಸಾಧನಕ್ಕೆ ಬೇರೆ ಯಾವ ಹೆಸರು ಹೊಂದೀತು? ಹಳಗನ್ನಡ ಬಲ್ಲವರು ಒಪ್ಪುವುದಿಲ್ಲ. ಉಳಿದುಕೊಳ್ಳುವ ಉಳಿಗೆ ಹಿಂದೆ ೞಕಾರವಿತ್ತು, ಕಲ್ಲಿನ ಉಳಿಗೆ ಇರಲಿಲ್ಲ ಎನ್ನುತ್ತಾರೆ. ಇರಲಿ. ೞಕಾರ ನಾಲಗೆಯಿಂದ ಜಾರಿ ಶತಮಾನಗಳಾದವು; ಅಲ್ಲಿಂದೀಚೆಗೆ ಎರಡೂ ಒಂದೇ ಸದ್ದಿನಲ್ಲಿ ಬಾಳಿವೆ.

ಕೆಲಸ ಬಿಟ್ಟು ಬಂದ ಹುಡುಗನಿಗೆ ಹಿರಿಯರು ಹೇಳುವ ಮಾತಿನಲ್ಲೂ ಉಳಿಯೇ ಇದೆ: ಉಳಿಪೆಟ್ಟು ತಿಂದ ಕಲ್ಲೇ ದೇವರಾಗೋದು. ಕಲ್ಲುಕೆಲಸವನ್ನು ಹತ್ತಿರದಿಂದ ನೋಡಿದವರು ಈ ಗಾದೆಯನ್ನು ಅಷ್ಟು ಸಲೀಸಾಗಿ ಎಸೆಯಲಾರರು. ಶಿಲ್ಪಿ ಮೊದಲು ಕಲ್ಲನ್ನು ತಟ್ಟಿ ನಾದ ಕೇಳುತ್ತಾನೆ. ಒಳಗೆ ಬಿರುಕಿದ್ದರೆ ಸದ್ದೇ ಹೇಳುತ್ತದೆ. ಆಮೇಲೆ ವಿಗ್ರಹದ ಅಳತೆ ಹೇಳುವ ತಾಳಮಾನದ ಲೆಕ್ಕದಂತೆ ಗೆರೆ ಎಳೆಯುತ್ತಾನೆ. ಒರಟು ಕೆಲಸಕ್ಕೆ ದಪ್ಪ ಉಳಿ, ಕಣ್ಣು ಮೂಗಿಗೆ ಬಂದಾಗ ಸಣ್ಣ ಉಳಿ, ಹಗುರ ಪೆಟ್ಟು. ಮೊಂಡಾದ ಉಳಿಯನ್ನು ಕಾಯಿಸಿ, ಬಡಿದು, ಹದಮಾಡಿ ಮತ್ತೆ ಚೂಪು ಮಾಡಬೇಕು. ಮುಂದೆ ಮೂಡಬೇಕಾದ ರೂಪ ಗೊತ್ತಿದ್ದೇ ಒಂದೊಂದು ಪೆಟ್ಟೂ ಬೀಳುತ್ತದೆ. ಗಾದೆಯಲ್ಲಿ ಪೆಟ್ಟು ಉಳಿಯಿತು, ಗೆರೆ ಎಳೆದ ಕೈ ಬಿಟ್ಟುಹೋಯಿತು. ಕಾರ್ಖಾನೆಯ ಲೈನಿನಲ್ಲಿ ನಿಂತು ದಿನವಿಡೀ ಒಂದೇ ಸ್ಕ್ರೂ ತಿರುಗಿಸುವವನು ಎರಡು ವರ್ಷದ ಮೇಲೆ ಏನಾಗಬೇಕೆಂದು ಗೆರೆ ಎಳೆದವರು ಯಾರು? ಗುತ್ತಿಗೆ ಮುಗಿದರೆ ಇನ್ನೊಂದು ಗುತ್ತಿಗೆ, ಅಷ್ಟೆ. ಅಲ್ಲಿಂದ ಎದ್ದುಹೋದವನನ್ನು ಸೋಮಾರಿ ಎನ್ನುವುದು ಅನ್ಯಾಯ.

2020ರ ಡಿಸೆಂಬರ್ 12ರಂದು ಕೋಲಾರ ತಾಲ್ಲೂಕಿನ ನರಸಾಪುರದ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ಕೆಲಸಗಾರರ ಸಿಟ್ಟಿಗೆ ಗಾಜು ಪುಡಿಯಾದದ್ದು ಅನೇಕರಿಗೆ ನೆನಪಿದೆ. ಅದರ ಹಿಂದಿನ ಲೆಕ್ಕ ನೆನಪಿರುವವರು ಕಡಿಮೆ. ಸ್ವಲ್ಪ ಕಾಲದಲ್ಲೇ ಕೆಲಸಗಾರರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತೆಂದು ಕಾರ್ಖಾನೆಗಳ ಇಲಾಖೆಯ ತನಿಖೆ ಹೇಳಿತು. ಹೆಚ್ಚಿನವರು ಏಜೆನ್ಸಿಗಳ ಮೂಲಕ ಸೇರಿದವರು. ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಕೆಲವರ ಸಂಬಳ ತಡವಾದದ್ದನ್ನು ಆ್ಯಪಲ್ ಒಪ್ಪಿಕೊಂಡಿತು. ಲೋಪ ಸರಿಪಡಿಸುವವರೆಗೆ ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡುವುದಿಲ್ಲ ಎಂದಿತು. 2023ರಲ್ಲಿ ಕಾರ್ಖಾನೆ ಟಾಟಾ ಕೈ ಸೇರಿತು.

ಅದೇ 2023ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ರಾಜ್ಯದ ತಿದ್ದುಪಡಿ ಬಂತು: ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೆ ದುಡಿಸಬಹುದು ಎಂದಿತು ಅದು. ಮುಳಬಾಗಿಲಿನಿಂದಲೋ ಶ್ರೀನಿವಾಸಪುರದಿಂದಲೋ ಬಸ್ಸು ಹತ್ತಿ ಬರುವವರಿಗೆ ಅಂಥ ಪಾಳಿ ಮುಗಿಸಿ, ದಾರಿಯ ಹೊತ್ತನ್ನೂ ಕಳೆದ ಮೇಲೆ ನಿದ್ದೆಗೆ ಎಷ್ಟು ಗಂಟೆ ಉಳಿಯುತ್ತದೆ ಎಂದು, ಹುಡುಗರಿಗೆ ತಾಳ್ಮೆಯಿಲ್ಲ ಎನ್ನುವವರು ಒಮ್ಮೆ ಕೂಡಿ ಕಳೆದು ನೋಡಲಿ.