ನಡುಗಡಲಲ್ಲಿ ನಿಂತ ಎಂಜಿನ್

ಕೆಲವು ವರ್ಷಗಳ ಹಿಂದಿನ ಮಾತು. ಮೀನುಗಾರಿಕೆಯನ್ನು ಕುರಿತ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕಾಗಿ ನಮ್ಮ ತಂಡ ಕರಾವಳಿಯಲ್ಲಿ ಒಂದು ನಾಡದೋಣಿ ಹತ್ತಿತ್ತು. ದಡದ ತೆಂಗಿನ ಮರಗಳು ಇನ್ನೂ ಕಾಣುತ್ತಿರುವಾಗಲೇ ಎಂಜಿನ್ನಿನ ಸದ್ದು ಇದ್ದಕ್ಕಿದ್ದಂತೆ ಜೋರಾಯಿತು. ದೋಣಿ ಮಾತ್ರ ಮುಂದೆ ಹೋಗಲಿಲ್ಲ. ಕ್ಯಾಮೆರಾ ಹಿಡಿದಿದ್ದ ನಮ್ಮ ಗೆಳೆಯರ ಮುಖ ಬಿಳಚಿತು. ತಾಂಡೇಲರು ಎಂಜಿನ್ ನಿಲ್ಲಿಸಿ, ಅದನ್ನು ನೀರಿನಿಂದ ಮೇಲಕ್ಕೆ ಬಾಗಿಸಿದರು. ಪ್ರೊಪೆಲ್ಲರಿಗೆ, ಅಂದರೆ ಮೀನುಗಾರರ ಮಾತಿನ 'ಫ್ಯಾನಿ'ಗೆ, ತೇಲುತ್ತಿದ್ದ ಹಗ್ಗವೊಂದು ಸುತ್ತಿಕೊಂಡಿತ್ತು. ಹಗ್ಗವನ್ನು ಕತ್ತರಿಸಿ, ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ತೆರೆದು, ಬೆರಳುದ್ದದ ಪಿನ್ನೊಂದನ್ನು ಹೊರತೆಗೆದರು. ಹತ್ತು ನಿಮಿಷದಲ್ಲಿ ದೋಣಿ ಹೊರಟಿತು. "ಆ ಪಿನ್ನು ಇಲ್ಲದಿದ್ದರೆ?" ಎಂದು ಕೇಳಿದೆ. ಅವರು ನಕ್ಕು, ದೋಣಿಯ ಒಳಬದಿಗೆ ಕಟ್ಟಿದ್ದ ಎರಡು ಹುಟ್ಟುಗಳನ್ನು ತೋರಿಸಿದರು.

ಆ ಡಬ್ಬಿ ಮತ್ತು ಆ ಹುಟ್ಟುಗಳ ಹಿಂದೆ ಒಂದು ಇತಿಹಾಸವಿದೆ. ಅದನ್ನು ತಿಳಿಯಬೇಕಾದರೆ ಎಂಜಿನ್ ಬರುವುದಕ್ಕೆ ಮುಂಚಿನ ಕಾಲಕ್ಕೆ ಹೋಗಬೇಕು.

ನೆಲಗಾಳಿ ಮತ್ತು ಕಡಲಗಾಳಿಯ ಬಗ್ಗೆ ನೀವು ಶಾಲೆಯಲ್ಲಿ ಓದಿದ್ದೀರಿ. ರಾತ್ರಿ ನೆಲ ಬೇಗ ತಣಿಯುವುದರಿಂದ ಬೆಳಗಿನ ಜಾವದವರೆಗೂ ಗಾಳಿ ನೆಲದಿಂದ ಕಡಲಿನತ್ತ ಬೀಸುತ್ತದೆ. ಹಗಲಿನಲ್ಲಿ ನೆಲ ಬೇಗ ಕಾಯುವುದರಿಂದ ಮಧ್ಯಾಹ್ನದ ಹೊತ್ತಿಗೆ ಅದು ಕಡಲಿನಿಂದ ನೆಲದತ್ತ ತಿರುಗುತ್ತದೆ. ಪಾಠದ ಪುಸ್ತಕದಲ್ಲಿ ಇದೊಂದು ಚಿತ್ರ. ನಮ್ಮ ಪಶ್ಚಿಮ ಕರಾವಳಿಯ ಮೀನುಗಾರರಿಗೆ ಇದು ದಿನದ ವೇಳಾಪಟ್ಟಿಯಾಗಿತ್ತು. ನಸುಕಿನ ಗಾಳಿಗೆ ಹಾಯಿ ಬಿಚ್ಚಿ ಹೊರಟರೆ ಮಧ್ಯಾಹ್ನದ ಗಾಳಿ ಮನೆಗೆ ತಂದು ಬಿಡುತ್ತಿತ್ತು. ಹಾಯಿ ಹರಿದರೆ ಸೂಜಿ ದಾರ ಸಾಕು. ಗಾಳಿ ನಿಂತರೆ ಹುಟ್ಟು ಇತ್ತು. ಬಿರುಗಾಳಿಯ ಮುಂದೆ ಇವೆಲ್ಲ ಸೋಲುತ್ತಿದ್ದವು, ನಿಜ. ಆದರೆ ಕೆಡಬಹುದಾದ ಪ್ರತಿಯೊಂದು ವಸ್ತುವನ್ನೂ ದೋಣಿಯಲ್ಲಿರುವವನೇ ಸರಿಪಡಿಸಬಲ್ಲವನಾಗಿದ್ದ.

ಈ ಸ್ಥಿತಿ ಬದಲಾಗತೊಡಗಿದ್ದು 1950ರ ದಶಕದಲ್ಲಿ. 1952ರಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆಗಳ ನಡುವೆ ಒಪ್ಪಂದವಾಗಿ, ಕೇರಳದ ಕೊಲ್ಲಂ ಬಳಿಯ ನೀಂಡಕರದಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆ ಆರಂಭವಾಯಿತು. ಮೊದಲು ಸ್ಥಳೀಯ ದೋಣಿಗಳಿಗೇ ಎಂಜಿನ್ ಕೂರಿಸುವ ಪ್ರಯತ್ನ ನಡೆಯಿತು. ಆ ದೋಣಿಗಳು ಅದಕ್ಕೆ ಒಗ್ಗಲಿಲ್ಲ. ಆದ್ದರಿಂದ ಎಂಜಿನ್ನಿಗಾಗಿಯೇ ಹೊಸ ಮಾದರಿಯ ಸಣ್ಣ ಬೋಟುಗಳನ್ನು ಕಟ್ಟಬೇಕಾಯಿತು. ಇಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿಯಿದೆ. ಯೋಜನೆ ಬೋಟುಗಳನ್ನಷ್ಟೇ ಕೊಡಲಿಲ್ಲ. ಅವುಗಳ ಜೊತೆಗೆ ರಿಪೇರಿಯ ಕಾರ್ಯಾಗಾರವನ್ನೂ ತರಬೇತಿಯನ್ನೂ ಒದಗಿಸಿತು. ಎಂಜಿನ್ ಬಂದ ಕಡೆ ಮೆಕ್ಯಾನಿಕ್ಕೂ ಬರಬೇಕೆಂಬುದು ಆಗಲೇ ಸ್ಪಷ್ಟವಾಗಿತ್ತು. 1963ರಲ್ಲಿ ಈ ಯೋಜನೆ ನಮ್ಮ ಕಾರವಾರಕ್ಕೂ ವಿಸ್ತರಿಸಿತು. ಅದೇ ವರ್ಷ ಮೀನುಗಾರಿಕೆ ಬೋಟಿನ ಚಾಲಕರಿಗೂ ಎಂಜಿನ್ ನಡೆಸುವವರಿಗೂ ತರಬೇತಿ ಕೊಡುವ ಕೇಂದ್ರ ಸಂಸ್ಥೆಯೊಂದು ಎರ್ನಾಕುಲಂನಲ್ಲಿ ಸ್ಥಾಪನೆಯಾಯಿತು. 1969ರಲ್ಲಿ ಮಂಗಳೂರಿನಲ್ಲಿ ದೇಶದ ಮೊದಲ ಮೀನುಗಾರಿಕೆ ಕಾಲೇಜು ತೆರೆಯಿತು.

ಮುಂದೆ ಸಣ್ಣ ದೋಣಿಗಳ ಹಿಂಬದಿಗೂ ಔಟ್‌ಬೋರ್ಡ್ ಎಂಜಿನ್‌ಗಳು ಬಂದವು. ಗಾಳಿಯ ಹಂಗು ತಪ್ಪಿತು, ದೂರ ಹತ್ತಿರವಾಯಿತು. ಮೀನು ಹುಡುಕಿಕೊಂಡು ಹೆಚ್ಚು ಆಳದ ನೀರಿಗೆ ಹೋಗುವುದು ಸಾಧ್ಯವಾಯಿತು. ಆದರೆ ಬೇಡವಾದ ಹಾಯಿಕಂಬ ದೋಣಿಯಿಂದ ಇಳಿಯಿತು. ಹುಟ್ಟುಗಳೂ ಎಷ್ಟೋ ದೋಣಿಗಳಲ್ಲಿ ಮೂಲೆ ಸೇರಿದವು. ಹಿಂತಿರುಗುವ ದಾರಿ ಒಂದೇ ಯಂತ್ರವನ್ನು ನೆಚ್ಚಿಕೊಂಡಿತು.

ಇದರ ಪರಿಣಾಮ ಏನಾಗಬಹುದು? ಉತ್ತರವನ್ನು ಜಗತ್ತಿನ ಇನ್ನೊಂದು ಬದಿಯ ಕಡಲು ಕೊಟ್ಟಿದೆ. 2012ರ ನವೆಂಬರ್ 17ರಂದು ಮೆಕ್ಸಿಕೋದ ಪೆಸಿಫಿಕ್ ತೀರದಿಂದ ಹೊಸೆ ಸಾಲ್ವಡಾರ್ ಆಲ್ವರೆಂಗಾ ಎಂಬ ಮೀನುಗಾರ ಒಬ್ಬ ಜೊತೆಗಾರನೊಡನೆ ಸುಮಾರು ಏಳು ಮೀಟರ್ ಉದ್ದದ ದೋಣಿಯಲ್ಲಿ ಹೊರಟ. ಬಿರುಗಾಳಿ ಎದ್ದಿತು, ಎಂಜಿನ್ ಕೆಟ್ಟಿತು, ರೇಡಿಯೋದ ಬ್ಯಾಟರಿ ಮುಗಿಯಿತು. ದೋಣಿಯಲ್ಲಿ ಹಾಯಿ ಇರಲಿಲ್ಲ, ಹುಟ್ಟು ಇರಲಿಲ್ಲ, ಲಂಗರೂ ಇರಲಿಲ್ಲ. ಮಳೆನೀರು, ಹಸಿ ಮೀನು, ಆಮೆ ಮತ್ತು ಹಕ್ಕಿಗಳೇ ಆಹಾರ. ಜೊತೆಗಾರ ದಾರಿಯಲ್ಲೇ ತೀರಿಕೊಂಡ. 438 ದಿನಗಳ ನಂತರ, 2014ರ ಜನವರಿ ಕೊನೆಯಲ್ಲಿ, ಸಾವಿರಾರು ಕಿಲೋಮೀಟರ್ ದೂರದ ಮಾರ್ಷಲ್ ದ್ವೀಪಗಳ ಎಬಾನ್ ಎಂಬಲ್ಲಿ ಆಲ್ವರೆಂಗಾ ದಡ ಸೇರಿದ. ಪತ್ರಿಕೆಗಳು ಇದನ್ನು ಪವಾಡವೆಂದು ವರ್ಣಿಸಿದವು. ಆದರೆ ಇತಿಹಾಸದ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ ಬೇರೆ: ಆ ದೋಣಿಯಲ್ಲಿ ಎರಡನೆಯ ಉಪಾಯ ಒಂದಾದರೂ ಇದ್ದಿದ್ದರೆ?

ಎಂಜಿನ್ ನಿಲ್ಲುವುದಕ್ಕೆ ಎಷ್ಟೋ ಸಲ ಕಾರಣ ಬಹಳ ಸಣ್ಣದು. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಸಿಲಿಂಡರಿನಲ್ಲಿ ಒತ್ತಲ್ಪಟ್ಟ ಗಾಳಿಯ ಬಿಸಿಗೇ ಇಂಧನ ಹೊತ್ತಿಕೊಳ್ಳುತ್ತದೆ. ಆದರೆ ಇಂಧನದಲ್ಲಿ ನೀರು ಸೇರಿದರೆ, ಫಿಲ್ಟರಿನಲ್ಲಿ ಕಸ ಕಟ್ಟಿದರೆ, ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡರೆ ಅದು ನಿಲ್ಲುತ್ತದೆ. ತಂಪು ನೀರಿನ ದಾರಿ ಮುಚ್ಚಿದರೆ ಕಾದು ಕೆಡುತ್ತದೆ. ಔಟ್‌ಬೋರ್ಡ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಮಸಿ ಹಿಡಿದರೆ ಕಿಡಿ ಹಾರುವುದಿಲ್ಲ. ಇನ್ನು ನಮ್ಮ ದೋಣಿಯಲ್ಲಿ ಮುರಿದ ಪಿನ್ನು ಮುರಿಯುವುದಕ್ಕೆಂದೇ ಮಾಡಿದ್ದು. ಫ್ಯಾನಿಗೆ ಏಟು ಬಿದ್ದಾಗ ಅದು ತಾನು ತುಂಡಾಗಿ, ಬೆಲೆಬಾಳುವ ಗೇರುಗಳನ್ನು ಉಳಿಸುತ್ತದೆ. ಮನೆಯ ಫ್ಯೂಸ್ ತಂತಿಯ ಕೆಲಸವೇ ಇದರದ್ದೂ. ಆದರೆ ಬದಲಿ ಪಿನ್ನು ಡಬ್ಬಿಯಲ್ಲಿ ಇಲ್ಲದಿದ್ದರೆ ಈ ಜಾಣತನವೆಲ್ಲ ವ್ಯರ್ಥ.

ಅನುಭವಿ ಮೀನುಗಾರರು ಈ ಪಾಠವನ್ನು ಕಲಿತಿದ್ದಾರೆ. ಬದಲಿ ಪ್ಲಗ್, ಫಿಲ್ಟರ್, ಪಿನ್ನು, ಸ್ಪ್ಯಾನರ್, ಟಾರ್ಚು, ಕುಡಿಯುವ ನೀರು, ಲಂಗರು, ಹುಟ್ಟು ಇವು ಅವರ ದೋಣಿಯಲ್ಲಿ ಇರುತ್ತವೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧವಿದೆ. ಮೀನಿನ ಸಂತತಿ ಉಳಿಸಲು ಬಂದ ಈ ರಜೆಯೇ ಎಂಜಿನ್ ಬಿಚ್ಚಿ ನೋಡುವ, ಬೋಟಿನ ತಳ ಸರಿಪಡಿಸುವ ಕಾಲವೂ ಆಗಿದೆ.

ತಾನೇ ಸರಿಪಡಿಸಲಾಗದಾಗ ಕೂಗು ದಡಕ್ಕೆ ಮುಟ್ಟಬೇಕು. 1978ರಲ್ಲಿ ಭಾರತೀಯ ತಟರಕ್ಷಣಾ ಪಡೆ ವಿಧಿವತ್ತಾಗಿ ಸ್ಥಾಪನೆಯಾಯಿತು. ಅದರ ತುರ್ತು ದೂರವಾಣಿ ಸಂಖ್ಯೆ 1554. ಆದರೆ ಮೊಬೈಲ್ ಫೋನಿನ ಸಂಕೇತ ದಡದಿಂದ ದೂರ ಹೋದಂತೆ ಸಿಗದಾಗುತ್ತದೆ. ಈ ಕೊರತೆಯನ್ನು ತುಂಬಲು ಇಸ್ರೋ ರೂಪಿಸಿದ ಅಪಾಯ ಸೂಚಕ ಯಂತ್ರ 2010ರಿಂದ ಬಳಕೆಗೆ ಬಂದಿತು. ಗುಂಡಿ ಒತ್ತಿದರೆ ದೋಣಿ ಇರುವ ಸ್ಥಳ ಉಪಗ್ರಹದ ಮೂಲಕ ರಕ್ಷಣಾ ಕೇಂದ್ರಕ್ಕೆ ತಿಳಿಯುತ್ತದೆ. 2024ರಲ್ಲಿ ಬಂದ ಎರಡನೆಯ ಪೀಳಿಗೆಯ ಯಂತ್ರ, ಕೂಗು ಕೇಳಿಸಿತೆಂಬ ಉತ್ತರವನ್ನೂ ದೋಣಿಗೆ ಮರಳಿಸುತ್ತದೆ. ಆದರೂ ನೆರವು ಬರುವವರೆಗೆ ದೋಣಿ ಮಗುಚದಂತೆ ಕಾಯಬೇಕಾದವರು ಅದರಲ್ಲಿರುವವರೇ.

ಹೊಸ ಯಂತ್ರವೊಂದು ಬಂದಾಗ ಅದು ಏನನ್ನು ತಂದಿತೆಂದು ನಾವು ಲೆಕ್ಕ ಹಾಕುತ್ತೇವೆ. ಏನನ್ನು ದೋಣಿಯಿಂದ ಇಳಿಸಿತೆಂದು ಕೇಳುವುದಿಲ್ಲ. ನಿಮ್ಮಲ್ಲಿ ಕೆಲವರು ನಾಳೆ ಎಂಜಿನಿಯರುಗಳಾಗುವಿರಿ, ಕೆಲವರು ಕಡಲಿಗೇ ಇಳಿಯುವಿರಿ. ಆಗ ಈ ಪ್ರಶ್ನೆಯನ್ನು ಮರೆಯದೆ ಕೇಳಿ. ನಮ್ಮ ತಾಂಡೇಲರು ದಡ ಸೇರಿದ ಕೂಡಲೇ ಮಾಡಿದ ಮೊದಲ ಕೆಲಸವೂ ಅದೇ ಬಗೆಯದು. ಮೀನು ಇಳಿಸುವ ಮೊದಲು ಅವರು ಹುಡುಗನೊಬ್ಬನನ್ನು ಕರೆದು, ಹೊಸ ಪಿನ್ನು ತರಲು ಅಂಗಡಿಗೆ ಕಳಿಸಿದರು.