ವಯಸ್ಸು ಮತ್ತು ತರಗತಿ

ಶಾಲೆಯಲ್ಲಿ ಮಗು ಯಾವ ತರಗತಿಗೆ ಸೇರಬೇಕು ಎಂಬುದನ್ನು ಅದರ ವಯಸ್ಸಿನಿಂದ ಗೊತ್ತುಮಾಡುವ ಪದ್ಧತಿ. ಆರು ತುಂಬಿದರೆ ಒಂದನೇ ತರಗತಿ, ಹತ್ತಕ್ಕೆ ಐದು, ಹದಿನೈದಕ್ಕೆ ಹತ್ತು ಎಂಬ ಲೆಕ್ಕ ಈಗ ಎಲ್ಲರಿಗೂ ಬಾಯಿಪಾಠ. ಓದು ಶುರುಮಾಡಲು ಇಂಥ ವಯಸ್ಸು ಎಂಬ ನಂಬಿಕೆ ಹಳೆಯದೇ. ಮುಂದಿನ ಒಂದೊಂದು ತರಗತಿಗೂ ವಯಸ್ಸಿನ ಗಂಟು ಹಾಕಿದ್ದು ಮಾತ್ರ ತೀರ ಈಚೆಗೆ.

ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಮದ್ರಾಸ್ ಸರ್ಕಾರಕ್ಕೆ ಕಳಿಸಿದ ವರದಿ ಹಳೆಯ ಮಠ, ಊರಶಾಲೆಗಳ ಬಗೆಗೆ ಸಿಗುವ ಒಳ್ಳೆಯ ದಾಖಲೆ. ಆಗ ಜಿಲ್ಲೆಯಲ್ಲಿದ್ದದ್ದು 533 ಶಾಲೆ, 6,641 ಮಕ್ಕಳು. ಹುಡುಗನಿಗೆ ಐದಾದಾಗ ಗುರು ಮತ್ತು ಶಾಲೆಯ ಮಕ್ಕಳನ್ನು ಮನೆಗೆ ಕರೆಸಿ, ಗಣೇಶನ ಪೂಜೆ ಮಾಡಿ, ಅಕ್ಕಿಯ ಮೇಲೆ ಬೆರಳಿನಿಂದ ದೇವರ ಹೆಸರು ಬರೆಸುತ್ತಿದ್ದರು. ಅದೇ ಪ್ರಾಂತ್ಯದ ರಾಜಮಂಡ್ರಿಯ ವರದಿಯಲ್ಲಿ ಐದನೆಯ ವರ್ಷದ ಐದನೆಯ ತಿಂಗಳ ಐದನೆಯ ದಿನವೇ ಶುಭದಿನ. ವಯಸ್ಸಿನ ಮಾತು ಅಲ್ಲಿಗೆ ಮುಗಿಯಿತು. ಒಳಗೆ ಬಂದ ಮೇಲೆ ಯಾರು ಎಷ್ಟು ಕಲಿತಿದ್ದಾರೆ ಎನ್ನುವುದರ ಮೇಲೆ ಗುಂಪು. ಕೆಳಗಿನ ಗುಂಪುಗಳನ್ನು ಹೆಚ್ಚು ಕಲಿತ ಹುಡುಗರೇ ನೋಡಿಕೊಳ್ಳುತ್ತಿದ್ದರು, ಮೇಲಿನವರಿಗೆ ಗುರುವಿನ ಪಾಠ.

ಇಂಗ್ಲೆಂಡಿನಲ್ಲಿ ರಾಬರ್ಟ್ ಲೋ 1862ರಲ್ಲಿ ತಂದ ಪರಿಷ್ಕೃತ ಸಂಹಿತೆ ಓದು, ಬರಹ, ಲೆಕ್ಕಗಳನ್ನು ಆರು ಸ್ಟ್ಯಾಂಡರ್ಡುಗಳಾಗಿ ವಿಂಗಡಿಸಿತು. ಪರೀಕ್ಷೆಯಲ್ಲಿ ತೇರ್ಗಡೆಯಾದ ಮಕ್ಕಳ ಲೆಕ್ಕದ ಮೇಲೆ ಶಾಲೆಗೆ ಅನುದಾನ. ಇದರ ನೆರಳು ಭಾರತದ ಅನುದಾನ ನಿಯಮಗಳ ಮೇಲೂ ಬಿತ್ತು. ಆಗಲೂ ತರಗತಿ ದಾಟಿಸುತ್ತಿದ್ದದ್ದು ಪರೀಕ್ಷೆಯೇ. ನಪಾಸಾದವನು ಮೀಸೆ ಚಿಗುರುವವರೆಗೂ ಅದೇ ಬೆಂಚಿನಲ್ಲಿ ಕೂತಿರಬಹುದಿತ್ತು. ಹೀಗೆ ಹಿಂದೆ ಉಳಿದವರನ್ನು ವಯಸ್ಸು–ತರಗತಿಯ ಕೋಷ್ಟಕ ಹಾಕಿ ಎಣಿಸಿ, ಇದನ್ನೊಂದು ಸಮಸ್ಯೆಯೆಂದು ಮುಂದಿಟ್ಟವರಲ್ಲಿ ಅಮೆರಿಕದ ಲೆನರ್ಡ್ ಏರ್ಸ್ ಪ್ರಮುಖ. ಅವರ ಪುಸ್ತಕ ಬಂದದ್ದು 1909ರಲ್ಲಿ.

ನಮ್ಮಲ್ಲಿ ವಯಸ್ಸು ಕಾನೂನಿನೊಳಗೆ ಬಂದದ್ದು ಕಡ್ಡಾಯ ಶಿಕ್ಷಣದ ಬೆನ್ನಿಗೆ. ಕಡ್ಡಾಯ ಎಂದ ಮೇಲೆ ಯಾವ ವಯಸ್ಸಿನಿಂದ ಯಾವ ವಯಸ್ಸಿನವರೆಗೆ ಎಂದು ಹೇಳಲೇಬೇಕಲ್ಲ. ಗೋಪಾಲಕೃಷ್ಣ ಗೋಖಲೆ 1911ರಲ್ಲಿ ಮಂಡಿಸಿದ ಮಸೂದೆ ಆರರಿಂದ ಹತ್ತು ವರ್ಷದ ಹುಡುಗರನ್ನು ಹೆಸರಿಸಿತ್ತು, ಅದು ಬಿದ್ದುಹೋಯಿತು. ಮೈಸೂರು ಸಂಸ್ಥಾನ 1913ರಲ್ಲಿ ತನ್ನದೇ ಪ್ರಾಥಮಿಕ ಶಿಕ್ಷಣ ಕಾಯಿದೆ ಮಾಡಿಕೊಂಡಿತು.

ತೊಡಕಿದ್ದದ್ದು ಪುರಾವೆಯಲ್ಲಿ. ಮಗು ಹುಟ್ಟಿದ್ದು ಪ್ಲೇಗು ಬಂದ ವರ್ಷ, ಇಲ್ಲವೇ ಉಗಾದಿ ಕಳೆದು ಹದಿನೈದು ದಿನಕ್ಕೆ ಎಂದಷ್ಟೇ ತಾಯಿಗೆ ನೆನಪು. ಹೆಡ್‌ಮಾಸ್ತರರು ಹುಡುಗನ ಬಲಗೈಯನ್ನು ನೆತ್ತಿಯ ಮೇಲಿಂದ ಬಳಸಿ ಎಡಗಿವಿ ಮುಟ್ಟಿಸಿ ನೋಡುತ್ತಿದ್ದರು. ಮುಟ್ಟಿದರೆ ಸೇರಿಸಿಕೊಳ್ಳುವುದು, ಇಲ್ಲದಿದ್ದರೆ ಮುಂದಿನ ವರ್ಷ ಬಾ ಎನ್ನುವುದು. ಚಿಕ್ಕ ಮಗುವಿನ ತಲೆ ದೊಡ್ಡದು, ಕೈ ಗಿಡ್ಡ. ಆರೇಳರ ಹೊತ್ತಿಗೆ ಕೈ ಉದ್ದವಾಗಿ ಕಿವಿ ಸಿಗುತ್ತದೆ. ಹಾಗಾಗಿ ಇದು ಅಷ್ಟೇನೂ ಮೂಢ ಪರೀಕ್ಷೆಯಲ್ಲ. ಆಮೇಲೆ ದಾಖಲಾತಿ ಪುಸ್ತಕದಲ್ಲಿ ಮೇಷ್ಟ್ರು ಅಂದಾಜಿನಲ್ಲಿ ಒಂದು ತಾರೀಖು ಬರೆಯುತ್ತಿದ್ದರು. ಶಾಲೆ ಜೂನ್‌ನಲ್ಲಿ ತೆರೆಯುವುದರಿಂದ ನಾಡಿನ ಹಿರಿಯ ತಲೆಮಾರಿನ ಅನೇಕರು ದಾಖಲೆಯಲ್ಲಿ ಜೂನ್ ಆಸುಪಾಸಿನಲ್ಲೇ ಹುಟ್ಟಿದವರು! ಆ ತಾರೀಖು ಟಿ.ಸಿ.ಗೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಕೊನೆಗೆ ನಿವೃತ್ತಿಯ ಆದೇಶಕ್ಕೂ ನಡೆದುಬಂತು. ತಿದ್ದುಪಡಿಯ ಅರ್ಜಿಗಳಿಗೆ ಮಿತಿ ಹಾಕಲು ರಾಜ್ಯವು ಸರ್ಕಾರಿ ನೌಕರರ ವಯೋನಿರ್ಣಯಕ್ಕೆಂದೇ 1974ರಲ್ಲಿ ಕಾಯಿದೆ ಮಾಡಬೇಕಾಯಿತು. ಜನನ ಮರಣ ನೋಂದಣಿಗೆ ಇಡೀ ದೇಶಕ್ಕೆ ಅನ್ವಯಿಸುವ ಕಾಯಿದೆ ಆದದ್ದೇ 1969ರಲ್ಲಿ.

ತರಗತಿಯ ಮೇಲೆ ವಯಸ್ಸಿನ ಹಿಡಿತ ಪೂರ್ತಿಯಾದದ್ದು 2010ರ ಏಪ್ರಿಲ್ 1ರಂದು, ಶಿಕ್ಷಣ ಹಕ್ಕು ಕಾಯಿದೆ ಜಾರಿಯಾದಾಗ. ಶಾಲೆಯ ಮೆಟ್ಟಿಲನ್ನೇ ಹತ್ತದ ಮಗುವನ್ನೂ ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ಬಿಟ್ಟುಹೋದದ್ದನ್ನು ವಿಶೇಷ ತರಬೇತಿಯಲ್ಲಿ ತುಂಬಬೇಕೆಂದು ಅದು ಹೇಳಿತು. ಕರ್ನಾಟಕದ ‘ಚಿಣ್ಣರ ಅಂಗಳ’ ಈ ಕೆಲಸವನ್ನು ಅದಕ್ಕೂ ಮೊದಲೇ ಮಾಡುತ್ತಿತ್ತು. ವಯಸ್ಸಿನ ದಾಖಲೆ ಇಲ್ಲವೆಂದು ಯಾರನ್ನೂ ವಾಪಸು ಕಳಿಸುವಂತಿಲ್ಲ, ಎಂಟನೇ ತರಗತಿ ಮುಗಿಯುವವರೆಗೆ ನಪಾಸು ಮಾಡುವಂತಿಲ್ಲ ಎಂಬುದೂ ಸೇರಿತ್ತು. ಈ ಕೊನೆಯ ಮಾತನ್ನು 2019ರ ತಿದ್ದುಪಡಿ ಸಡಿಲಿಸಿ, ಐದು ಮತ್ತು ಎಂಟನೇ ತರಗತಿಯಲ್ಲಿ ಉಳಿಸಿಕೊಳ್ಳಲು ಸರ್ಕಾರಗಳಿಗೆ ಅವಕಾಶ ಕೊಟ್ಟಿತು.

ಕಾನೂನು ಹೀಗೆ ವಯಸ್ಸಿನ ಕಡೆ ವಾಲುತ್ತಿದ್ದ ದಿನಗಳಲ್ಲೇ ಪಾಠದ ಕೋಣೆ ಬೇರೆ ದಿಕ್ಕಿಗೆ ಹೊರಳಿದ್ದು ಕುತೂಹಲದ ಸಂಗತಿ. ಹೆಗ್ಗಡದೇವನಕೋಟೆಯಲ್ಲಿ 1995ರ ಸುಮಾರಿಗೆ ಶುರುವಾಗಿ 2009ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ನಲಿ-ಕಲಿಯಲ್ಲಿ ಚಿಕ್ಕ ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ ಬೆರೆತು, ಕಲಿಕಾ ಏಣಿಯನ್ನು ತಂತಮ್ಮ ವೇಗದಲ್ಲಿ ಹತ್ತುತ್ತಾರೆ. ಹಾಜರಿ ಪುಸ್ತಕದಲ್ಲಿ ಅವರ ತರಗತಿ ಬೇರೆ ಬೇರೆ, ಕಲಿಯುವ ಗುಂಪು ಒಂದೇ. ಕ್ಯಾಂಪ್‌ಬೆಲ್‌ಗೆ ಇದು ಹೊಸತೆನಿಸುತ್ತಿರಲಿಲ್ಲ.

ಈಚಿನ ಜಗಳವೆಲ್ಲ ಜೂನ್ 1ರ ಸುತ್ತ. ಹಿಂದಿನ ನಿಯಮದಂತೆ ಆ ದಿನಕ್ಕೆ ಐದು ವರ್ಷ ಐದು ತಿಂಗಳಾಗಿದ್ದರೆ ಒಂದನೇ ತರಗತಿಗೆ ಸಾಕಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ, 2022ರ ಜುಲೈನಲ್ಲಿ ರಾಜ್ಯವು ಆರು ತುಂಬಿರಬೇಕೆಂದು ಆದೇಶಿಸಿತು. ಆಗಲೇ ಎಲ್‌ಕೆಜಿ, ಯುಕೆಜಿಯಲ್ಲಿದ್ದ ಮಕ್ಕಳು ಒಂದು ವರ್ಷ ಸುಮ್ಮನೆ ಕೂರಬೇಕಾಗುತ್ತದೆಂದು ಪೋಷಕರು ಗದ್ದಲವೆಬ್ಬಿಸಿದಾಗ ಜಾರಿಯನ್ನು 2025–26ಕ್ಕೆ ಮುಂದೂಡಲಾಯಿತು. ಆ ವರ್ಷ ಬಂದಾಗ ಮತ್ತೆ ಅದೇ ಮೊರೆ. ಯುಕೆಜಿ ಮುಗಿಸಿದ್ದರೆ ಐದು ವರ್ಷ ಐದು ತಿಂಗಳಿಗೇ ಸೇರಬಹುದು, ಆದರೆ ಈ ವಿನಾಯಿತಿ ಆ ಒಂದು ವರ್ಷಕ್ಕೆ ಮಾತ್ರ ಎಂದು ಶಿಕ್ಷಣ ಸಚಿವ ಮಧು ಬಂಗಾರಪ್ಪ 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿದರು.